ಮೇಲೇ ಬರೆದಿದೆಯಲ್ಲ, ಒರಿಜಿನಲ್ ಅಂತ

ಅಟ್ಟದಿಂದ ಇಳಿಸಿದ ಗೋಣಿಚೀಲವನ್ನು ಜಗಲಿಯ ಮೇಲೆ ಕೊಡವಿದಾಗ ಮೊದಲು ನಾಲ್ಕು ಜಿರಲೆ ಬಿದ್ದವು, ಆಮೇಲೆ ಒಂದು ಹಿಡಿ ಅಡಿಕೆ ಸಿಪ್ಪೆ, ಕೊನೆಗೆ ಏರ್‌ಗನ್ನು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿ ಮೂರು ಕಿಲೋಮೀಟರು ಮಣ್ಣುರಸ್ತೆ ಇಳಿದರೆ ಸಿಗುವ ತೋಟದ ಮನೆ ಅದು. ಹೆಂಚು ಬದಲಿಸಲು ಅಟ್ಟ ಖಾಲಿ ಮಾಡುತ್ತಿದ್ದಾರೆ, ಅಲ್ಲೊಂದು ‘ಜರ್ಮನಿ ಕೋವಿ’ ಇದೆ ಅಂತ ನನಗೆ ಸುದ್ದಿ ಮುಟ್ಟಿಸಿದವನು ಆ ಮನೆಯ ಅಳಿಯ, ನನ್ನ ಜೊತೆ ಕೆಲಸ ಮಾಡುವವನು.

ಯಜಮಾನರಿಗೆ ಎಪ್ಪತ್ತು ದಾಟಿದೆ. ಆಸರಿಗೆ ಕೊಟ್ಟು, ಊರು-ಮನೆ ಎಲ್ಲ ವಿಚಾರಿಸಿಕೊಂಡು, ಕಡೆಗೆ ರೇಟಿಗೆ ಬಂದರು.

“ಹನ್ನೆರಡು ಸಾವಿರ ಆಗ್ತದೆ ನೋಡಿ. ಡೂಪ್ಲಿಕೇಟ್ ಅಲ್ಲ ಮಾರಾಯ್ರೆ, ಒರಿಜಿನಲ್. ಮೇಲೇ ಬರೆದಿದೆಯಲ್ಲ, ಓದಿ.”

ಬೆರಳಲ್ಲಿ ಮಸಿ ಒರೆಸಿದೆ. ಕಬ್ಬಿಣದ ಕೊಳವೆಯ ಮೇಲೆ ಇಂಗ್ಲಿಷಿನಲ್ಲಿ ‘ಒರಿಜಿನಲ್ ಮಾಡ್. 27’ ಅಂತ ಅಚ್ಚೊತ್ತಿತ್ತು. ನನ್ನ ಎದೆ ಡವಗುಟ್ಟಿತು, ಮುಖ ಮಾತ್ರ ಸಪ್ಪಗೆ ಇಟ್ಟುಕೊಂಡೆ.

ಆ ‘ಒರಿಜಿನಲ್’ ಅನ್ನೋದು ಅಸಲಿ ಅನ್ನುವ ಅರ್ಥದಲ್ಲಿ ಹಾಕಿದ್ದಲ್ಲ, ಅದೊಂದು ಹೆಸರು. ಜರ್ಮನಿಯ ರಾಸ್ಟಾಟ್ ಊರಲ್ಲಿ 1890ರಲ್ಲಿ ಶುರುವಾದ ಮೇಯರ್ ಅಂಡ್ ಗ್ರಾಮೆಲ್ಸ್‌ಪಾಹರ್ ಕಂಪನಿಯ ಏರ್‌ಗನ್ನುಗಳಿಗೆ ‘ಡಯಾನಾ’ ಅಂತ ಹೆಸರು. ಬೇಟೆಯ ದೇವತೆ ಡಯಾನಾ ಬಿಲ್ಲು-ಬಾಣ ಕಾಲ ಬುಡಕ್ಕೆ ಎಸೆದು ಏರ್‌ಗನ್ ತಲೆ ಮೇಲೆ ಎತ್ತಿ ಹಿಡಿದಿರುವುದು ಅವರ ಗುರುತು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತಾಗ ಆ ಕಾರ್ಖಾನೆಯ ಯಂತ್ರಗಳು, ಹೆಸರಿನ ಹಕ್ಕಿನ ಸಮೇತ, ಬ್ರಿಟನ್ನಿಗೆ ಹೋದವು. ಸ್ಕಾಟ್ಲೆಂಡಿನ ಮಿಲ್ಬ್ರೋ ಅನ್ನುವ ಕಂಪನಿ ಅವನ್ನು ಇಟ್ಟುಕೊಂಡು ತಾನೇ ‘ಡಯಾನಾ’ ತಯಾರಿಸತೊಡಗಿತು. 1950ರಲ್ಲಿ ರಾಸ್ಟಾಟಿನವರು ಮತ್ತೆ ಕೆಲಸ ಶುರು ಮಾಡಿದರೂ ಬ್ರಿಟನ್ನಿನ ಮಾರುಕಟ್ಟೆಯಲ್ಲಿ ತಮ್ಮದೇ ಹೆಸರನ್ನು ತಾವು ಬಳಸುವ ಹಾಗಿರಲಿಲ್ಲ. ಅದಕ್ಕೇ ಅಲ್ಲಿಗೆ ಕಳಿಸುವ ಮಾಲಿಗೆ ‘ಒರಿಜಿನಲ್’ ಅಂತ ಮುದ್ರೆ ಒತ್ತಿದರು. ಹೆಸರು ಕಳೆದುಕೊಂಡವನು ‘ಅಸಲಿ ನಾನೇ’ ಅಂತ ಬರೆದುಕೊಂಡ ಹಾಗೆ. ಮಿಲ್ಬ್ರೋ 1982ರಲ್ಲಿ ಮುಚ್ಚಿತು, ಆಮೇಲೆ ಹೆಸರು ಜರ್ಮನಿಗೆ ವಾಪಸ್ಸಾಯಿತು.

ಇದನ್ನೆಲ್ಲ ಯಜಮಾನರಿಗೆ ಹೇಳಿದ್ದರೆ ಹನ್ನೆರಡು ಹದಿನೈದಾಗುತ್ತಿತ್ತು. ಹೇಳಲಿಲ್ಲ. ಪಾಪ ತಟ್ಟುವುದಿದ್ದರೆ ತಟ್ಟಲಿ.

ಬದಲಿಗೆ ಕಿಸೆಯಿಂದ 4.5 ಮಿಲಿಮೀಟರಿನ ಒಂದು ಪೆಲೆಟ್, ಅಂದರೆ ಏರ್‌ಗನ್ನಿಗೆ ಹಾಕುವ ಪುಟ್ಟ ಗುಂಡು, ತೆಗೆದೆ. ಹಳೇ ಏರ್‌ಗನ್ ಕೊಳ್ಳಲು ಹೋಗುವವರು ಮೊದಲು ನೋಡಬೇಕಾದ್ದು ತುಕ್ಕನ್ನಲ್ಲ, ನಳಿಗೆಯ ಅಳತೆಯನ್ನು. ನಮ್ಮಲ್ಲಿ 4.5 ಮಿಲಿಮೀಟರು, ಅಂದರೆ .177 ಇಂಚು, ಮತ್ತು 20 ಜೌಲ್ ಶಕ್ತಿಯ ಒಳಗಿದ್ದರೆ ಲೈಸೆನ್ಸ್ ಬೇಕಿಲ್ಲ. ಇದೇ ಮಾಡಲ್ 5.5ರಲ್ಲೂ ಬರುತ್ತದೆ, ಅದಾಗಿದ್ದರೆ ನಾನು ಬೆಲ್ಲ-ನೀರು ಕುಡಿದು ಎದ್ದು ಬರುತ್ತಿದ್ದೆ. ಪೆಲೆಟ್ಟು ಹಿಂಬದಿಯ ತೂತಿನಲ್ಲಿ ಬಿಗಿಯಾಗಿ ಕೂತಿತು. ಆ ಮನೆಯಲ್ಲಿ ತೋಟೆ ಹಾಕುವ ಲೈಸೆನ್ಸಿನ ಜೋಡುನಳಿಗೆ ಕೋವಿಯೂ ಇದೆ. ಓಟು ಬಂದಾಗಲೆಲ್ಲ ಅದನ್ನು ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಇಟ್ಟು ಬರುವುದು, ಮುಗಿದ ಮೇಲೆ ತರುವುದು ಅವರಿಗೆ ರೂಢಿ. “ಇದಕ್ಕೆ ಆ ರಗಳೆ ಇಲ್ಲ” ಅಂದರು.

ನಳಿಗೆ ಮಡಚಿ ನೋಡಿದೆ, ಒಳಗಿನ ಸ್ಪ್ರಿಂಗು ಒತ್ತಿಕೊಳ್ಳುವುದು ಹಾಗೆ. ಅರ್ಧ ದಾರಿಯವರೆಗೆ ಏನೂ ಬಿಗಿ ಇಲ್ಲ, ಆಮೇಲೆ ಕರಕರ ಅಂತ ಸದ್ದು. ಸ್ಪ್ರಿಂಗು ಮುರಿದಿದೆ ಅನ್ನುವುದು ಕೈಗೇ ಗೊತ್ತಾಯಿತು. ನಳಿಗೆಯ ಈ ತುದಿಯಿಂದ ಆಕಾಶ ನೋಡಿದರೆ ಕತ್ತಲೆ. ಇವೆರಡನ್ನೂ ತೋರಿಸಿ 7,500ಕ್ಕೆ ಇಳಿಸಿದೆ. ಕೊನೆಗೆ ಯಜಮಾನರು ಮರದ ಹಿಡಿಯ ಎಡಮಗ್ಗುಲು ಸವರುತ್ತಾ, “ಇದು ನಮ್ಮ ಅಪ್ಪಯ್ಯ ಕೆತ್ತಿದ್ದು” ಅಂದರು. ಚೂರಿಯ ಮೊನೆಯಲ್ಲಿ, ಲೆಕ್ಕದ ಪುಸ್ತಕದ ತಲೆಯಲ್ಲಿ ಬರೆಯುವ ಹಾಗೆ, ಒಂದು ‘ಶ್ರೀ’. “ಮಂಗ ಓಡಿಸ್ಲಿಕ್ಕೆ ಅಂತ ಇಟ್ಕೊಂಡಿದ್ರು. ಹೊಡೆದದ್ದು ಎಂತ ಇಲ್ಲ, ಹೆದರ್ಸಿದ್ದೇ ಹೆಚ್ಚು.”

ಚಾಪೆಯಲ್ಲಿ ಸುತ್ತಿ ಬಸ್ಸು ಹತ್ತಿದೆ. ಮಂಡಗದ್ದೆ ಬರುವಷ್ಟರಲ್ಲಿ ಕಂಡಕ್ಟರು ಎರಡು ಸಲ ಆ ಚಾಪೆಯನ್ನು ನೋಡಿದ, ಕೇಳಲಿಲ್ಲ.

ಶಿವಮೊಗ್ಗದ ಮನೆಯಲ್ಲಿ ನನ್ನ ವರ್ಕ್‌ಶಾಪು ಅಂದರೆ ಟೆರೇಸಿಗೆ ಹೋಗುವ ಮೆಟ್ಟಿಲ ಕೆಳಗಿನ ಜಾಗ. ಒಂದು ವೈಸು, ಒಂದು ಡ್ರಿಲ್ಲು, ಉಳಿದದ್ದು ಅಡುಗೆಮನೆಯಿಂದ ಕದ್ದದ್ದು. ಮೊದಲ ದಿನ ನಳಿಗೆಯೊಂದೇ ಕೆಲಸ. ಮುಂಬಾಗಿಲ ಕೀಲಿತೂತನ್ನೂ ಬಿಡದ ಕಣಜ ಇದನ್ನು ಬಿಟ್ಟೀತೇ? ನಾಲ್ಕೂವರೆ ಮಿಲಿಮೀಟರಿನ ತೂತಿಗೆ ಮೂರು ಇಂಚು ಆಳದವರೆಗೆ ಮಣ್ಣು ಮೆತ್ತಿ ಸಂಸಾರ ಮಾಡಿ ಹೋಗಿತ್ತು. ಕಬ್ಬಿಣದ ಸರಳು ತೂರಿಸಿದರೆ ಪೆಲೆಟ್ಟನ್ನು ತಿರುಗಿಸುವ ಒಳಗಿನ ಗೀರುಗಳು ಹಾಳು, ಹನ್ನೆರಡು ಗೀರುಗಳಿವೆ ಇದರಲ್ಲಿ. ಸೀಮೆಎಣ್ಣೆ ಹನಿಸಿ ಒಂದು ರಾತ್ರಿ ನಿಲ್ಲಿಸಿದೆ. ಬೆಳಿಗ್ಗೆ ಹಿತ್ತಾಳೆ ಕಡ್ಡಿಯಿಂದ ಮೆಲ್ಲಗೆ ಕುಟ್ಟಿದಾಗ ಮಣ್ಣು ಪುಡಿಪುಡಿಯಾಗಿ ಉದುರಿತು. ಆಮೇಲೆ ಬನಿಯನ್ ಬಟ್ಟೆಯ ಚೂರುಗಳು, ಒಂದಾದ ಮೇಲೊಂದು. ಮೊದಲನೆಯದು ಕಾಫಿಪುಡಿ ಬಣ್ಣ, ಇಪ್ಪತ್ತನೆಯದು ಹೆಚ್ಚು ಕಡಿಮೆ ಬಿಳಿ. ಕಿಟಕಿಗೆ ಹಿಡಿದು ನೋಡಿದರೆ ಗೀರುಗಳು ಬಳೆಯ ಹಾಗೆ ಹೊಳೆಯುತ್ತಿದ್ದವು. ಆ ಕ್ಷಣಕ್ಕೇ ಏಳೂವರೆ ಸಾವಿರ ವಸೂಲಾಯಿತು ಅನ್ನಿಸಿತು.

ಬಿಚ್ಚುವುದರಲ್ಲಿ ಅಪಾಯ ಇರುವುದು ಒಂದೇ ಕಡೆ. ಮುರಿದಿದ್ದರೂ ಸ್ಪ್ರಿಂಗು ಒಳಗೆ ಒತ್ತಿಕೊಂಡೇ ಕೂತಿರುತ್ತದೆ, ಹಿಂದಿನ ಪಿನ್ನು ಸುಮ್ಮನೆ ಕುಟ್ಟಿ ತೆಗೆದರೆ ಅದು ನೇರ ಎದೆಗೆ ಬರುತ್ತದೆ. ಬಾಗಿಲ ಚೌಕಟ್ಟು ಬಿಗಿಯಲು ಆಚಾರಿಗಳು ಇಟ್ಟುಕೊಂಡಿರುವ ಉದ್ದದ ಕ್ಲಾಂಪನ್ನು ಒಂದು ದಿನದ ಮಟ್ಟಿಗೆ ತಂದೆ. ಮರದ ಹಿಡಿಯ ಸ್ಕ್ರೂಗಳನ್ನು ಬಿಚ್ಚಿ ಹಿಡಿ ಬೇರೆ ಮಾಡಿ, ಸ್ಪ್ರಿಂಗು ಕೂತಿರುವ ಕೊಳವೆಯನ್ನು ಕ್ಲಾಂಪಿನೊಳಗೆ ಉದ್ದಕ್ಕೆ ಮಲಗಿಸಿ, ಹಿಂದಿನ ತುದಿಗೆ ಮರದ ತುಂಡು ಕೊಟ್ಟು ಸ್ವಲ್ಪ ಬಿಗಿ ಮಾಡಿದೆ. ಪಿನ್ನಿನ ಮೇಲಿನ ಭಾರ ಹೋದ ಕೂಡಲೇ ಅದು ಬೆರಳಲ್ಲೇ ಹೊರಬಂತು. ಆಮೇಲೆ ಕಾಲು ಸುತ್ತು, ಕಾಲು ಸುತ್ತು ಸಡಿಲ ಬಿಡುತ್ತಾ ಹೋಗುವುದು.

ಸ್ಪ್ರಿಂಗು ಎರಡು ತುಂಡಾಗಿ ಬಂತು, ಒಂದರೊಳಗೊಂದು ತಿರುಚಿಕೊಂಡು. ಅದರ ಹಿಂದೆಯೇ ಟಿಣ್ ಟಿಣ್ ಅಂತ ಎರಡು ಉಕ್ಕಿನ ಗುಂಡು.

ಮೂರು ಇರಬೇಕು ಅಂತ ನನಗೆ ಗೊತ್ತಿತ್ತು. ಈ ಮಾಡಲಿನ ಟ್ರಿಗರ್ ನೋಡಲೆಂದೇ ಜನ ಇದನ್ನು ಹುಡುಕಿಕೊಂಡು ಹೋಗುತ್ತಾರೆ. ಬೇರೆ ಹೆಚ್ಚಿನ ಏರ್‌ಗನ್ನುಗಳಲ್ಲಿ, ಸ್ಪ್ರಿಂಗಿನ ಬಲಕ್ಕೆ ಮುಂದೆ ನುಗ್ಗಿ ಗಾಳಿ ಒತ್ತುವ ಪಿಸ್ಟನ್ನನ್ನು ಹಿಡಿದಿಡುವುದು ಒಂದು ಕೊಕ್ಕೆ. ಇದರಲ್ಲಿ ಪಿಸ್ಟನ್ ಸರಳಿನ ತುದಿಯಲ್ಲಿ ಸುತ್ತಲೂ ಒಂದು ಕೊರಕಲು, ಅದರೊಳಗೆ ಮೂರು ಕಡೆಯಿಂದ ಮೂರು ಗುಂಡು ಬಂದು ಕೂರುತ್ತವೆ. ಅವು ಆಚೆ ಸರಿಯದ ಹಾಗೆ ಮೇಲೊಂದು ಬಳೆ. ಟ್ರಿಗರ್ ಒತ್ತಿದರೆ ಬಳೆ ಜರುಗುತ್ತದೆ, ಗುಂಡುಗಳು ಪಕ್ಕಕ್ಕೆ ಸರಿಯುತ್ತವೆ, ಪಿಸ್ಟನ್ ಬಿಡುಗಡೆ. ಭಾರ ಮೂರು ಕಡೆ ಹಂಚಿಹೋಗುವುದರಿಂದ ಬೆರಳಿಗೆ ಬೆಣ್ಣೆ ಕುಯ್ದ ಹಾಗೆ ಅನುಭವ.

ಮೂರನೆಯದು ಎಲ್ಲಿ? ಮೆಟ್ಟಿಲ ಕೆಳಗೆ ಎರಡು ಸಲ ಗುಡಿಸಿದೆ. ಹಳೇ ರೇಡಿಯೋದ ಸ್ಪೀಕರಿನಿಂದ ಮ್ಯಾಗ್ನೆಟ್ ಕಿತ್ತು, ಚೀಲದಲ್ಲಿ ಹಾಕಿ ನೆಲದ ಮೇಲೆಲ್ಲ ಎಳೆದೆ. ಮೊಳೆ ಬಂತು, ಪಿನ್ನು ಬಂತು, ನಮ್ಮ ಮನೆಯವಳ ಕಳೆದುಹೋಗಿದ್ದ ಸೂಜಿ ಬಂತು. ಗುಂಡು ಬರಲಿಲ್ಲ. ಸೈಕಲ್ ಅಂಗಡಿಯಿಂದ ಗುಂಡು ತಂದು ಹಾಕೋಣ ಅಂದುಕೊಂಡು ಪಿಸ್ಟನ್ ಎತ್ತಿಕೊಂಡರೆ, ಒಣಗಿ ಮೇಣದಂತಾಗಿದ್ದ ಹಳೇ ಗ್ರೀಸಿನಲ್ಲಿ ಅಂಟಿಕೊಂಡು ಅಲ್ಲೇ ಇತ್ತು.

ಪಿಸ್ಟನ್ನಿನ ಮುಂತುದಿಯಲ್ಲಿ ಗಾಳಿ ಹಿಡಿದಿಡುವ ಚರ್ಮದ ವಾಷರು ಒಣಗಿ ಹಪ್ಪಳದ ಚೂರಿನಂತಾಗಿತ್ತು. ಇದು ಎಲ್ಲಿ ಸಿಗುತ್ತದೆ ಅಂತ ಶಿವಮೊಗ್ಗದಲ್ಲಿ ಮೂರು ದಿನ ಅಲೆದೆ. ಗಾಂಧಿ ಬಜಾರಿನ ಅಂಗಡಿಯವನೊಬ್ಬ, “ಇದು ಬಕೆಟ್ ವಾಷರಲ್ವಾ ಸಾರ್? ಔಷಧಿ ಪಂಪಿಗೆ ಹಾಕ್ತಾರಲ್ಲ” ಅಂದಾಗ ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಮಳೆಗಾಲ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣ ಹೊಡೆಯದ ಅಡಿಕೆ ತೋಟ ಮಲೆನಾಡಿನಲ್ಲಿ ಎಲ್ಲಿದೆ? ಆ ಹಳೇ ಪಂಪುಗಳ ಹೊಟ್ಟೆಯಲ್ಲಿ ಇರುವುದೂ ಇದೇ ಬಟ್ಟಲಿನಾಕಾರದ ಚರ್ಮ. ಪಂಪು ರಿಪೇರಿ ಮಾಡುವ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋದೆ. ನನ್ನ ವಾಷರಿನ ಅಳತೆಯದ್ದು ಅವರಲ್ಲಿ ಇರಲಿಲ್ಲ, ಮಾಡುವುದು ಹೇಗೆ ಅಂತ ಹೇಳಿಕೊಟ್ಟರು.

ಚರ್ಮ ಚಪ್ಪಲಿಯ ಅಟ್ಟೆಯದ್ದು, ಸುಮಾರು 3 ಮಿಲಿಮೀಟರು ದಪ್ಪ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಲೇತ್ ಇಟ್ಟುಕೊಂಡಿರುವ ಗೆಳೆಯನಿಂದ ಎರಡು ತುಂಡು ಕಡೆಸಿದೆ. ಒಂದು ಕಬ್ಬಿಣದ ಬಿಲ್ಲೆ, ನಡುವೆ ಕೊಳವೆಯ ಒಳ ಅಳತೆಯಷ್ಟೇ ತೂತು. ಇನ್ನೊಂದು ಗೂಟ, ಆ ತೂತಿಗಿಂತ ಎರಡು ಚರ್ಮದ ದಪ್ಪದಷ್ಟು ಸಣ್ಣದು. ಚರ್ಮವನ್ನು ದುಂಡಗೆ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ನೆನೆಸಿ, ತೂತಿನ ಮೇಲಿಟ್ಟು ಗೂಟದಿಂದ ವೈಸಿನಲ್ಲಿ ಒತ್ತಿದೆ. ಕುದಿಯುವ ನೀರು ಹಾಕಿದರೆ ಚರ್ಮ ಸುರುಟಿ ಮರದ ಚೂರಾಗುತ್ತದೆ, ಮೊದಲನೆಯದು ಹಾಗೇ ಹಾಳಾಯಿತು. ಎರಡು ದಿನ ವೈಸಿನಲ್ಲೇ ಒಣಗಲು ಬಿಟ್ಟೆ. ಬಿಡಿಸಿದಾಗ ಪುಟ್ಟ ಬಟ್ಟಲು ಕೈಗೆ ಬಂತು, ಅಂಚು ಕೊಂಚ ಏರುಪೇರು. ಗೂಟಕ್ಕೆ ಸಿಕ್ಕಿಸಿ, ಲೇತಿನಲ್ಲಿ ತಿರುಗಿಸುತ್ತಾ ಹೊಸ ಬ್ಲೇಡಿನಿಂದ ಅಂಚು ಸಮ ಮಾಡಿದ ನನ್ನ ಗೆಳೆಯ. ಅದೇ ಚರ್ಮದಲ್ಲಿ ನಳಿಗೆಯ ಬುಡಕ್ಕೂ ಒಂದು ಸಣ್ಣ ಬಿಲ್ಲೆ ಮಾಡಿಕೊಂಡೆ. ಅದು ತನ್ನ ಗುಳಿಯಿಂದ ಕೂದಲೆಳೆಯಷ್ಟು ಮೇಲೆ ಎದ್ದು ಕಾಣಬೇಕು, ಇಲ್ಲದಿದ್ದರೆ ಗಾಳಿ ಅಲ್ಲೇ ಸೋರುತ್ತದೆ.

ಆ ಗೆಳೆಯನದ್ದೇ ಒಂದು ಜಗಳ. ಕೊಳವೆ ನೋಡಿದವನೇ, “ಕೊಡೋ ಇಲ್ಲಿ, ಬಫಿಂಗ್ ಹೊಡೆದು ಕಪ್ಪು ಮಾಡಿಸಿಕೊಡ್ತೀನಿ, ಹೊಸಾದ್ರ ಹಂಗೆ ಆಗ್ತದೆ” ಅಂದ. ಅವನ ಕೈ ಹಿಡಿದು ತಡೆದೆ. ಬಫಿಂಗ್ ಚಕ್ರ ತುಕ್ಕಿನ ಜೊತೆ ಅಕ್ಷರಗಳ ಅಂಚನ್ನೂ ತಿನ್ನುತ್ತದೆ. ‘ಒರಿಜಿನಲ್’ ಅನ್ನುವುದು ಸವೆದು ಅರ್ಧ ಉಳಿದ ಹೊಳೆಹೊಳೆಯುವ ಬಂದೂಕು ನನಗೆ ಯಾಕೆ? ಹಿಂಬದಿಯ ಎಡಮಗ್ಗುಲಲ್ಲಿ ಸಣ್ಣದಾಗಿ ‘09 62’ ಅಂತ ಇದೆ, ತಯಾರಾದ ತಿಂಗಳು, ವರ್ಷ. ಅದೂ ಹೋಗುತ್ತಿತ್ತು. ಕೆಲಸ ಮಾಡುವ ಭಾಗಗಳನ್ನು ಮಾತ್ರ ಹೊಸದು ಮಾಡುವುದು, ಕಾಣುವ ಭಾಗದ ವಯಸ್ಸನ್ನು ಮುಟ್ಟುವುದಿಲ್ಲ ಅಂತ ಅವತ್ತೇ ತೀರ್ಮಾನಿಸಿದೆ. ಅವನು ಇವತ್ತಿಗೂ ನನ್ನನ್ನು ಜಿಪುಣ ಅಂತಲೇ ತಿಳಿದಿದ್ದಾನೆ.

ತುಕ್ಕು ತೆಗೆಯಲು ನನಗೆ ಒದಗಿದ್ದು ಅಜ್ಜಿಯ ಡಬ್ಬಿಯಲ್ಲಿದ್ದ ತೂತಿನ ಕಾಸು. 1943ರಿಂದ 1947ರವರೆಗೆ ಬಂದ ಕಾಸು, ನಡುವೆ ದೊಡ್ಡ ತೂತು. ಕಂಚು ಉಕ್ಕಿಗಿಂತ ಮೆದು. ಎಣ್ಣೆ ಸವರಿ ಕಾಸಿನ ಅಂಚಿನಿಂದ ಕೆರೆದರೆ ತುಕ್ಕಿನ ಹೆಕ್ಕಳಿಕೆ ಏಳುತ್ತದೆ, ಅಡಿಯಲ್ಲಿ ಉಳಿದಿರುವ ಹಳೇ ಕಪ್ಪು ಬಣ್ಣಕ್ಕೆ ಗೀರು ಬೀಳುವುದಿಲ್ಲ. ಎಮರಿ ಪೇಪರಿನಿಂದ ಐದು ನಿಮಿಷದಲ್ಲಿ ಆಗುವುದಕ್ಕೆ ಇಲ್ಲಿ ನಾಲ್ಕು ಸಂಜೆ ಹಿಡಿಯಿತು. ಗೋಡೆಗೆ ಒರಗಿದ್ದ ಮಗ್ಗುಲಲ್ಲಿ ತುಕ್ಕು ಆಳಕ್ಕೆ ಇಳಿದು ಸಿಡುಬಿನ ಕಲೆಯಂಥ ಗುಳಿ ಬಿದ್ದಿವೆ, ಅವು ಹಾಗೇ ಇವೆ. ಒಂದು ಅಚ್ಚರಿ ಅಂದರೆ ಒಲೆಯ ಹೊಗೆಗೆ ಎದುರಾಗಿದ್ದ ಮಗ್ಗುಲಲ್ಲಿ ಜಿಡ್ಡುಮಸಿ ಕಟ್ಟಿತ್ತೇ ಹೊರತು ತುಕ್ಕು ಇಲ್ಲವೇ ಇಲ್ಲ.

ಮರ ಬೀಚ್. ನಮ್ಮ ಬೀಟೆ, ತೇಗ ನೋಡಿದ ಕಣ್ಣಿಗೆ ಸಪ್ಪೆ, ಆದರೆ ಎಳೆ ಒತ್ತಾಗಿದೆ. ಅದರ ಮೇಲೆ ಯಾರೋ ಪುಣ್ಯಾತ್ಮರು ಬಾಗಿಲಿಗೆ ಬಳಿಯುವ ವಾರ್ನಿಷ್ ಬಳಿದಿದ್ದರು. ಅದನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿ ತೆಗೆದೆ, ಉಜ್ಜುಕಾಗದ ಮುಟ್ಟಿಸಲಿಲ್ಲ. ಆಚಾರಿಗಳು ಕ್ಲಾಂಪು ವಾಪಸ್ ತಗೊಳ್ಳಲು ಬಂದವರು, “ಆ ಗೀರು ಒಂದು ಉಜ್ಜಿಬಿಡ್ಲಾ?” ಅಂದದ್ದು ‘ಶ್ರೀ’ಯನ್ನು ನೋಡಿ. ಏನದು ಅಂತ ಬೆಳಕಿಗೆ ಹಿಡಿದು ತೋರಿಸಿದ ಮೇಲೆ ಸುಮ್ಮನಾದರು. ದೊಡ್ಡ ತಗ್ಗೊಂದಿತ್ತು, ಅದರ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದಾಗ ಹಬೆಗೆ ಮರದ ಎಳೆ ಉಬ್ಬಿ ಮುಕ್ಕಾಲು ಪಾಲು ಮೇಲೆ ಬಂತು. ಆಮೇಲೆ ಅಗಸೆ ಎಣ್ಣೆ, ಅಂಗೈಯಲ್ಲಿ, ದಿನಕ್ಕೊಂದು ಸಲ, ಎಂಟು ದಿನ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ, ಅದು ತಾನೇ ಕಾವೇರಿ ಹೊತ್ತಿಕೊಳ್ಳುತ್ತದೆ. ಹಗ್ಗದ ಮೇಲೆ ಬಿಡಿಸಿ ಹಾಕಿ.

ಸ್ಪ್ರಿಂಗಿನ ಕತೆ ಮಾತ್ರ ನನ್ನ ಮಾನ ಕಳೆಯಿತು. ಅಸಲಿ ಸ್ಪ್ರಿಂಗು ಇಲ್ಲಿ ಸಿಗುವುದಿಲ್ಲ, ದೇಶಿ ಏರ್‌ಗನ್ನಿಗೆ ಬರುವ ಒಂದನ್ನು 450 ರೂಪಾಯಿಗೆ ತರಿಸಿದೆ. ತಂತಿಯ ದಪ್ಪ 3 ಮಿಲಿಮೀಟರು, ಒಳ-ಹೊರ ಅಳತೆ ಎರಡೂ ಹೊಂದಿದವು. ಉದ್ದ ಇದ್ದಷ್ಟೂ ಜೋರು ಅಂತ ಹಾಗೇ ಹಾಕಿ, ಕ್ಲಾಂಪಿನಲ್ಲಿ ಬೆವರು ಸುರಿಸಿ ಮುಚ್ಚಿ, ನಳಿಗೆ ಮಡಚಿದರೆ ಮುಕ್ಕಾಲು ದಾರಿಗೆ ಬಂದು ಕಲ್ಲಿಗೆ ತಗುಲಿದ ಹಾಗೆ ನಿಂತಿತು. ಇನ್ನೂ ಒತ್ತಿದೆ, ಮೂರ್ಖ. ಪುಣ್ಯಕ್ಕೆ ನಳಿಗೆ ಬಗ್ಗಲಿಲ್ಲ.

ಮತ್ತೆ ಬಿಚ್ಚಿ, ಮೊದಲೇ ಹಾಕಬೇಕಿದ್ದ ಲೆಕ್ಕ ಆಗ ಹಾಕಿದೆ. ಸುತ್ತು 38, ತಂತಿ 3 ಮಿಲಿಮೀಟರು. ಪೂರ್ತಿ ಒತ್ತಿದಾಗ ಸುತ್ತುಗಳೆಲ್ಲ ಒಂದಕ್ಕೊಂದು ತಾಗಿ 114 ಮಿಲಿಮೀಟರು ಆಗುತ್ತದೆ. ಪಿಸ್ಟನ್ ಹಿಂದಕ್ಕೆ ಬಂದಾಗ ಒಳಗೆ ಉಳಿಯುವ ಜಾಗ ನನ್ನ ಅಳತೆಯಲ್ಲಿ 108. ಸ್ಪ್ರಿಂಗಿಗೆ ಹೋಗಲು ಜಾಗವೇ ಇಲ್ಲ! ನಾಲ್ಕು ಸುತ್ತು ಕತ್ತರಿಸಿ 34 ಉಳಿಸಿದೆ, 102 ಆಯಿತು. ಕತ್ತರಿಸಿದ ತುದಿಯನ್ನು ಹಾಗೇ ಬಿಟ್ಟರೆ ಒಳಗೆಲ್ಲ ಗೀಚುತ್ತದೆ. ಉಳಿದ ಸುತ್ತುಗಳಿಗೆ ಒದ್ದೆ ಬಟ್ಟೆ ಸುತ್ತಿ, ಕೊನೆಯ ಸುತ್ತನ್ನು ಮಾತ್ರ ಕೆಂಪಗೆ ಕಾಯಿಸಿ, ಕಬ್ಬಿಣದ ಹಲಗೆಯ ಮೇಲೆ ಒತ್ತಿ ಚಪ್ಪಟೆ ಮಾಡಿ, ಆರಿದ ಮೇಲೆ ಗ್ರೈಂಡರಿಗೆ ಹಿಡಿದು ಸಮ ಮಾಡಿದೆ.

ಜೋಡಿಸುವುದು ಬಿಚ್ಚಿದ್ದರ ತಿರುಗಾಮುರುಗ. ಮೂರು ಗುಂಡುಗಳನ್ನು ಗ್ರೀಸಿನಲ್ಲಿ ಅಂಟಿಸಿ ಅವವುಗಳ ತೂತಿನಲ್ಲಿ ಕೂರಿಸಿದರೆ ಬೀಳುವುದಿಲ್ಲ. ಪಿಸ್ಟನ್ನಿನ ಮೈಗೆ, ಸ್ಪ್ರಿಂಗಿಗೆ ಕಾರಿನ ಆಕ್ಸಲ್ಲಿಗೆ ಹಾಕುವ, ಮಾಲಿಬ್ಡಿನಮ್ ಬೆರೆತ ಕಪ್ಪು ಗ್ರೀಸು, ತೆಳ್ಳಗೆ. ಚರ್ಮದ ವಾಷರಿನ ಮುಂದೆ ಮಾತ್ರ ಗ್ರೀಸು ಹೋಗಬಾರದು.

ನಾನು ವಾಷರನ್ನು ಎಣ್ಣೆಯಲ್ಲಿ ಒಂದು ರಾತ್ರಿ ಮುಳುಗಿಸಿಟ್ಟವನು ಹಿಂಡದೇ ಹಾಕಿದ್ದೆ. ಟೆರೇಸಿನಲ್ಲಿ ಮರಳುಚೀಲದ ಮುಂದೆ ಮೊದಲ ಪೆಲೆಟ್ ಹೊಡೆದಾಗ ದೀಪಾವಳಿ ಪಟಾಕಿಯ ಸದ್ದು, ನಳಿಗೆಯ ತುದಿಯಿಂದ ನೀಲಿ ಹೊಗೆ. ಗಾಳಿ ಒಮ್ಮೆಲೇ ಒತ್ತಿಕೊಂಡಾಗ ಕಾವೇರುತ್ತದೆ, ಎಣ್ಣೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್ ನಡೆಯುವುದೂ ಹೀಗೇ. ಪಕ್ಕದ ಮನೆಯವರು ಮಾಡಿಗೆ ಬಂದು, “ಮಂಗ ಬಂದಿತ್ತೇನ್ರೀ?” ಅಂದರು. ಮಂಗಕ್ಕೂ ಹಕ್ಕಿಗೂ ಗುರಿಯಿಡುವುದು ಅಪರಾಧ, ಇದು ಕಾಗದಕ್ಕೆ ಹೊಡೆಯಲು ಅಂತ ವಿವರಿಸಿದೆ. ಕಾಗದಕ್ಕೆ ಹೊಡೆಯಲು ಯಾರು ಇಷ್ಟು ಖರ್ಚು ಮಾಡುತ್ತಾರೆ ಅನ್ನುವುದು ಅವರ ಮುಖದಲ್ಲಿತ್ತು. ಇಪ್ಪತ್ತು ಪೆಲೆಟ್ಟಿನ ಹೊತ್ತಿಗೆ ಹೊಗೆ ನಿಂತಿತು, ಸದ್ದು ಬಾಗಿಲು ಹಾಕಿದಷ್ಟಕ್ಕೆ ಇಳಿಯಿತು. ನಳಿಗೆಯ ಬುಡದ ಮೇಲೆ ಟಿಶ್ಯೂ ಚೂರು ಇಟ್ಟು ಹೊಡೆದರೆ ಅಲುಗಲಿಲ್ಲ, ಅಂದರೆ ಸೋರಿಕೆ ಇಲ್ಲ.

ಸದ್ದಿನಿಂದ ವೇಗ ಅಳೆಯುವ ಮೊಬೈಲ್ ಆ್ಯಪಿನಲ್ಲಿ ಹತ್ತು ಹೊಡೆತದ ಸರಾಸರಿ ಸೆಕೆಂಡಿಗೆ 145 ಮೀಟರು ಬಂತು. ಅರ್ಧ ಗ್ರಾಮಿನ ಪೆಲೆಟ್ಟಿಗೆ ಲೆಕ್ಕ ಹಾಕಿದರೆ 5.3 ಜೌಲ್ ಹತ್ತಿರ. 20ರ ಮಿತಿಗೆ ಬಹಳ ದೂರ, ನನಗೆ ಬೇಕಿದ್ದಕ್ಕೆ ಸಾಕು. ಹತ್ತು ಮೀಟರಿಗೆ ಅಡಿಕೆ ಹಾಳೆಯ ತಟ್ಟೆ ನಿಲ್ಲಿಸಿ ಐದು ಹೊಡೆದೆ. ಐದೂ ಒಂದು ರೂಪಾಯಿ ನಾಣ್ಯದ ಅಡಿಯಲ್ಲಿ ಮುಚ್ಚಿಹೋಗುವಂತಿವೆ, ಆದರೆ ನಡುವಿನಿಂದ ನಾಲ್ಕು ಬೆರಳು ಬಲಕ್ಕೆ. ಗುರಿ ನೋಡುವ ಹಿಂದಿನ ಸೈಟನ್ನು ಪಕ್ಕಕ್ಕೆ ಸರಿಸುವ ಸ್ಕ್ರೂ ತುಕ್ಕು ಹಿಡಿದು ತಲೆ ಹಾರಿಹೋಗಿದೆ. ಅದಕ್ಕೆ ದಿನಾ ಒಂದು ಹನಿ ಎಣ್ಣೆ ಬಿಡುತ್ತಿದ್ದೇನೆ, ಸದ್ಯಕ್ಕೆ ನಾಲ್ಕು ಬೆರಳು ಎಡಕ್ಕೆ ಗುರಿಯಿಟ್ಟು ಹೊಡೆಯುತ್ತಿದ್ದೇನೆ.